ಬೇಯಿಸಿದವಳನ್ನು ಕರೆಯಿರಿ

ನಾವು ಕೆಲಸ ಮಾಡುತ್ತಿದ್ದ ಸ್ಟೇಕ್ ಹೌಸಿನ ಮೆನು ಕಾರ್ಡಿನಲ್ಲಿ ಕೊನೆಯ ಸಾಲು ಹೀಗಿತ್ತು: 'ಮಾಂಸ ನೀವು ಕೇಳಿದ ಹದಕ್ಕೆ ಬೆಂದಿಲ್ಲವೇ? ಬೇಯಿಸಿದವರೇ ಬಂದು ನಿಮ್ಮೆದುರು ನಿಲ್ಲುತ್ತಾರೆ. ಇದು ನಮ್ಮ ಮಾತು.'

ಮಾತು ಮಾಲೀಕರದು. ಕಾಲು ನಮ್ಮವು.

ಇದನ್ನು ನಾವು ಹಾಜರಿ ಎನ್ನುತ್ತಿದ್ದೆವು. ಗಿರಾಕಿ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಾನೆ. ಸಪ್ಲೈಯರ್ ಆದ ನಾನು ಅಡುಗೆಮನೆಯ ಕಿಂಡಿಗೆ ಹೋಗಿ 'ಹಾಜರಿ' ಎನ್ನುತ್ತೇನೆ. ಗ್ರಿಲ್ ಮುಂದೆ ಇರುವವರು ಇಕ್ಕಳ ಕೆಳಗಿಟ್ಟು, ಬೆವರು ಒರೆಸಿಕೊಂಡು, ಗೂಟಕ್ಕೆ ತೂಗುಹಾಕಿದ ಬಿಳಿ ಏಪ್ರನ್ ಕಟ್ಟಿಕೊಂಡು ಹಾಲಿಗೆ ಬಂದು ಮೇಜಿನ ಪಕ್ಕ ನಿಲ್ಲಬೇಕು. ಕೈ ಹಿಂದಕ್ಕೆ ಕಟ್ಟಬೇಕು. ಗಿರಾಕಿ ಹೇಳಿದ್ದನ್ನೆಲ್ಲ ಕೇಳಬೇಕು. 'ತಪ್ಪಾಯ್ತು ಸಾರ್, ಬೇರೆ ಮಾಡಿ ಕಳಿಸ್ತೀನಿ' ಎನ್ನಬೇಕು. ಮೇಲೆ ಒಂದು ಮಾತೂ ಆಡಬಾರದು. ಅವನು 'ಹೋಗು' ಎನ್ನುವ ತನಕ ಹೋಗಬಾರದು.

ಬೇರೆ ಯಾವ ಕಾರಣಕ್ಕೂ ಅಡುಗೆಮನೆಯವರು ಹಾಲಿಗೆ ಕಾಲಿಡುವಂತಿರಲಿಲ್ಲ. ಚೆನ್ನಾಗಿತ್ತು ಎಂದು ಹೇಳಲು ಯಾರನ್ನೂ ಕರೆಯುತ್ತಿರಲಿಲ್ಲ. ಅದಕ್ಕೆ ಮೆನು ಕಾರ್ಡಿನಲ್ಲಿ ಸಾಲಿರಲಿಲ್ಲ.

ಈ ಸಾಲು ಬರೆಸಿದ ಮೇಲೆ ವ್ಯಾಪಾರ ಏರಿತು. ಮಾಂಸ ತಿನ್ನಲು ಬರುತ್ತಿದ್ದವರ ಜೊತೆಗೆ ಬೈಯಲು ಬರುವವರೂ ಸೇರಿಕೊಂಡರು. ಆಫೀಸಿನಲ್ಲಿ ಮೇಲಿನವರ ಕೈಲಿ ಬೈಸಿಕೊಂಡು ಬಂದವನು ಇಲ್ಲಿ ಒಬ್ಬರನ್ನು ಮುಂದೆ ನಿಲ್ಲಿಸಿಕೊಂಡು ಬೈಯುತ್ತಿದ್ದ. ಹುಡುಗಿಯನ್ನು ಮೊದಲ ಸಲ ಊಟಕ್ಕೆ ಕರೆತಂದವನಂತೂ ಮಾಂಸ ಬಾಯಿಗಿಡುವ ಮುಂಚೆಯೇ ಕರೆಸುತ್ತಿದ್ದ. ತಾನು ಗಂಡಸು ಎಂದು ತೋರಿಸಲು ಅವನಿಗೆ ಬೇರೆ ದಾರಿ ಇರಲಿಲ್ಲವೋ ಏನೋ.

ಗ್ರಿಲ್ ಮುಂದೆ ಇದ್ದವಳು ನನ್ನ ಅತ್ತಿಗೆ. ಅಣ್ಣನ ಹೆಂಡತಿ. ಅಣ್ಣ ದೂರದ ಬಂದರಿನಲ್ಲಿ ಹಡಗಿಗೆ ಸರಕು ಹೇರುತ್ತಾನೆ. ಅವರ ಸಂಸಾರವೆಲ್ಲ ಫೋನಿನಲ್ಲಿ. ಇಲ್ಲಿ ಒಂದೇ ಕೋಣೆಯಲ್ಲಿ ಅಮ್ಮ, ಅತ್ತಿಗೆ, ನಾನು.

ಅತ್ತಿಗೆ ಮೊದಲು ನೆಲಮಾಳಿಗೆಯ ಸಿಂಕಿನಲ್ಲಿದ್ದಳು. ಅಲ್ಲಿ ಕಿಟಕಿಯಿಲ್ಲ. ಮೇಲಿನಿಂದ ತಟ್ಟೆಗಳು ಇಳಿಯುತ್ತಲೇ ಇರುತ್ತವೆ. ಹೆಪ್ಪುಗಟ್ಟಿದ ಕೊಬ್ಬು ಬಿಡಬೇಕಾದರೆ ನೀರು ಸುಡಬೇಕು, ತೊಳೆಯುವ ಪುಡಿ ಖಾರವಾಗಿರಬೇಕು. ಕೊಟ್ಟ ಕೈಗವಸು ವಾರದೊಳಗೆ ಹರಿಯುತ್ತಿತ್ತು. ಹೊಸದು ಕೇಳಿದರೆ 'ನಿಧಾನಕ್ಕೆ ಉಜ್ಜಿ' ಎನ್ನುತ್ತಿದ್ದರು. ಅವಳ ಬೆರಳ ಸಂದಿಯಲ್ಲಿ ಚರ್ಮ ಬಿಳಿಚಿ ಸುಲಿಯಿತು. ಉಗುರಿನ ಬುಡದಲ್ಲಿ ಕೀವು ಕಟ್ಟಿತು. ಉಪ್ಪು ತಾಗಿದರೆ ಉರಿ. ಉಣ್ಣುವಾಗ ಅಮ್ಮನೇ ತುತ್ತು ಮಾಡಿ ಅವಳ ಬಾಯಿಗಿಡುತ್ತಿದ್ದಳು.

"ಸೊಸೆ ಬಂದ್ರೆ ಕೂತು ಉಣ್ಣಬಹುದು ಅಂದ್ಕೊಂಡಿದ್ದೆ," ಎನ್ನುತ್ತಿದ್ದಳು ಅಮ್ಮ. "ಇದ್ಯಾವ ಸೀಮೆ ಸೊಸೆಯಮ್ಮ, ನಾನೇ ಉಣಿಸಬೇಕು."

"ಇನ್ನೊಂದು ತುತ್ತು ಹಾಕಿ ಅತ್ತೆ, ಮಾತಲ್ಲಿ ಹೊಟ್ಟೆ ತುಂಬಲ್ಲ," ಎನ್ನುತ್ತಿದ್ದಳು ಅತ್ತಿಗೆ.

ಗ್ರಿಲ್‌ನವನು ಹೇಳದೆ ಕೇಳದೆ ಬಿಟ್ಟುಹೋದ ದಿನ ಅವಳು ಮೆಟ್ಟಿಲು ಹತ್ತಿ ಮೇಲೆ ಬಂದಳು. ನಾನು ಮಾಡ್ತೀನಿ ಅಂದಳು. ಬೇರೆ ಯಾರೂ ಇರಲಿಲ್ಲ, ಹಾಗಾಗಿ ಬಿಟ್ಟರು. ಆಮೇಲೆ ಅವಳನ್ನು ಇಳಿಸಲು ಕಾರಣ ಸಿಗಲಿಲ್ಲ.

ಗ್ರಿಲ್ ಸುಖದ ಜಾಗವಲ್ಲ. ಕೆಂಡದ ಝಳಕ್ಕೆ ಅವಳ ಮುಖದ ಒಂದು ಪಕ್ಕ ಸದಾ ಒಣಗಿ ಬಿರಿದಿರುತ್ತಿತ್ತು. ಕೊಬ್ಬು ಸಿಡಿದು ಮೊಣಕೈ ತನಕ ಗುರುತು. ಹಳೆಯ ಗುರುತಿನ ಮೇಲೆ ಹೊಸದು. ನಿಂತು ನಿಂತು ಮೀನಖಂಡದ ನರಗಳು ಹುರಿಯಂತೆ ಉಬ್ಬಿದ್ದವು. ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರುತ್ತಿದ್ದಳು. ಅಡುಗೆಮನೆಯಲ್ಲಿ ಕುರ್ಚಿ ಇರಲಿಲ್ಲ. ಮೊದಲು ಖಾಲಿ ಎಣ್ಣೆ ಡಬ್ಬ ಬೋರಲು ಹಾಕಿ ಕೂರುತ್ತಿದ್ದರಂತೆ. ಮ್ಯಾನೇಜರ್ ಅವನ್ನೂ ತೆಗೆಸಿದ. ಕೂತರೆ ಕೈ ನಿಧಾನವಾಗುತ್ತದೆ ಎಂಬುದು ಅವನ ಲೆಕ್ಕ.

ಆದರೂ ಅವಳಿಗೆ ಆ ಜಾಗ ಬೇಕಿತ್ತು. ಒಮ್ಮೆ ಮನೆಯಲ್ಲಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ನಾನು ಕೇಳಿದೆ, "ಏನಿದೆ ಅತ್ತಿಗೆ ಅಲ್ಲಿ, ಅಷ್ಟು ಆಸೆ ಪಡೋಕೆ?"

"ಬೆಂಕಿ ಮುಂದೆ ಸುಟ್ಕೊಂಡ್ರೆ ವಾಸಿಯಾಗುತ್ತೆ ಕಣೆ. ನೀರಲ್ಲಿ ಕೊಳೆತ್ರೆ ಆಗಲ್ಲ." ಇನ್ನೊಂದು ಕಾಲು ಚಾಚುತ್ತ ಸೇರಿಸಿದಳು: "ಅಲ್ಲದೆ ಸಿಂಕಲ್ಲಿ ನಾನೇನೂ ಮಾಡ್ತಿರಲಿಲ್ಲ. ಬೇರೆಯವರು ತಿಂದಿದ್ದನ್ನ ತೊಳೀತಿದ್ದೆ, ಅಷ್ಟೆ. ಇಲ್ಲಿ ನಾನೊಂದು ಮಾಡ್ತೀನಿ."

ಅಪಾಯವಿದ್ದದ್ದು ಇಲ್ಲಿ: ಒಬ್ಬನೇ ಗಿರಾಕಿಯಿಂದ ಒಂದೇ ತಿಂಗಳಲ್ಲಿ ಮೂರು ಹಾಜರಿ ಬಿದ್ದರೆ ಗ್ರಿಲ್ ಬಿಟ್ಟು ಸಿಂಕಿಗೆ ಇಳಿಯಬೇಕು. ಇದು ಮೆನು ಕಾರ್ಡಿನಲ್ಲಿರಲಿಲ್ಲ. ಗಿರಾಕಿಗಳಿಗೆ ಗೊತ್ತಿರಬೇಕಾಗಿಯೂ ಇರಲಿಲ್ಲ. ಆದರೆ ಹಲ್ಲಿಗೆ ಗೊತ್ತಿತ್ತು.

ಹಲ್ಲು ಎಂದರೆ ಹಲ್ಲಿನ ಡಾಕ್ಟರು. ನಾವು ಇಟ್ಟ ಹೆಸರು. ಪ್ರತಿ ಶುಕ್ರವಾರ ಗಾಜಿನ ಗೋಡೆಯ ಪಕ್ಕದ ದೊಡ್ಡ ಮೇಜು ಅವರದು. ಅವರ ಆಸ್ಪತ್ರೆಯ ಜಾಹೀರಾತಿನಲ್ಲಿ ಅವರದೇ ನಗು ಇದೆ. ಮೇಜಿನಲ್ಲೂ ಅದೇ ನಗು ಹಾಕಿಕೊಂಡು ಕೂರುತ್ತಾರೆ. ಮ್ಯಾನೇಜರನ ಹಲ್ಲಿಗೆ ಬಿಟ್ಟಿ ಕ್ಯಾಪ್ ಹಾಕಿಕೊಟ್ಟಿದ್ದರು. ಬಾಯಿ ತೆರೆದು ಮಲಗಿದ ಮ್ಯಾನೇಜರ್ ಏನೇನು ಹೇಳಿದ್ದನೋ.

ಅವರ ಮೊದಲ ಹಾಜರಿ 'ಜಾಸ್ತಿ ಬೆಂದಿದೆ' ಎಂದು. ಅತ್ತಿಗೆ ಹೋಗಿ ನಿಂತಳು. ಡಾಕ್ಟರು ಮಾಂಸದ ನಾರು, ರಸ, ಬಣ್ಣ ಎಂದು ಪಾಠ ಮಾಡಿದರು. ಅವಳು ತಪ್ಪಾಯ್ತು ಸಾರ್ ಅಂದಳು. ತಟ್ಟೆ ಒಳಗೆ ಬಂತು. ಬೆಂದದ್ದನ್ನು ಹಸಿ ಮಾಡುವ ವಿದ್ಯೆ ಯಾವ ಅಡುಗೆಮನೆಯಲ್ಲೂ ಇಲ್ಲ. ಹೊಸ ತುಂಡು ಹಾಕಿದರೆ ಅದರ ಬೆಲೆ ಅಡುಗೆಯವರ ಸಂಬಳಕ್ಕೆ. ಆದ್ದರಿಂದ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಅವರು ಕತ್ತರಿಸಿದ್ದ ಅಂಚನ್ನು ಸವರಿ ತೆಗೆದಳು, ಅದೇ ತುಂಡನ್ನು ಮಗುಚಿ ಬೇರೆ ತಟ್ಟೆಗೆ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು. ನಾನು ಒಯ್ದು ಕೊಟ್ಟೆ.

ಡಾಕ್ಟರು ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಹಾ! ಇದು. ಹೇಳಿದ್ರೆ ಮಾಡ್ತಾರೆ ಇವರು. ಹೇಳಬೇಕು ಅಷ್ಟೆ."

ಕಿಂಡಿಯ ಹತ್ತಿರ ಬಂದು ಇದನ್ನು ಹೇಳಿದಾಗ ಅಡುಗೆಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿನವರ ಹಲ್ಲೆಲ್ಲ ಇವನ ಕೈಲಿದೆ, ಇವನ ನಾಲಿಗೆ ಯಾರ ಕೈಲಿದೆಯೋ," ಎಂದಳು ಅತ್ತಿಗೆ.

ಎರಡನೆಯ ಹಾಜರಿಗೆ ಅಡುಗೆಮನೆಯಲ್ಲಿ ಯಾರೂ ನಗಲಿಲ್ಲ. ಆ ದಿನ ಡಾಕ್ಟರು ಅವಳನ್ನು ನಿಲ್ಲಿಸಿ ಮರೆತವರಂತೆ ಮಾತಿಗೆ ಕೂತರು. ಕಾರು, ರಜೆ, ಯಾರದೋ ಮದುವೆಯ ಖರ್ಚು. ಅವಳು ಕೈ ಹಿಂದೆ ಕಟ್ಟಿ ನಿಂತೇ ಇದ್ದಳು. ಒಳಗೆ ಗ್ರಿಲ್ ಮೇಲೆ ಬೇರೆ ಮೇಜಿನ ಮಾಂಸ ಕರಟುವ ವಾಸನೆ ಹಾಲಿನ ತನಕ ಬಂತು. ಅವರಿಗೂ ಬಂದಿರಬೇಕು. ಅಮ್ಮಾವ್ರು, ಅಂದರೆ ಡಾಕ್ಟರ ಹೆಂಡತಿ, ಮೂಗಿಗೆ ಕರ್ಚೀಫು ಹಿಡಿದರು. ಆದರೂ 'ಹೋಗು' ಎನ್ನಲಿಲ್ಲ. ಕಾಫಿ ಬಂದ ಮೇಲೆ ತಲೆಯೆತ್ತಿ, "ಅರೆ, ಇನ್ನೂ ಇಲ್ಲೇ ಇದೀಯಾ?" ಎಂದರು ಡಾಕ್ಟರು. ಮೇಜೆಲ್ಲ ನಕ್ಕಿತು.

ಅವಳು ಒಳಗೆ ಬಂದಾಗ ಮ್ಯಾನೇಜರ್ ಕರಟಿದ ತುಂಡುಗಳನ್ನು ತೋರಿಸಿದ. "ಇದು ನಿನ್ನ ಸಂಬಳದಲ್ಲಿ. ಇವರದ್ದೇ ಇನ್ನೊಂದು ಹಾಜರಿ ಬಿದ್ರೆ ಕೆಳಗೆ. ಗೊತ್ತಲ್ಲ?"

"ಗೊತ್ತು."

ಮುಂದಿನ ಶುಕ್ರವಾರ ದೀಪ ಹಾಕುವ ಹೊತ್ತಿಗೇ ಹಾಲ್ ತುಂಬಿತ್ತು. ಡಾಕ್ಟರ ಜೊತೆ ಹೆಂಡತಿ, ಭಾವಮೈದುನ, ಬೇರೆ ಊರಿಂದ ಬಂದ ಗಂಡ-ಹೆಂಡತಿ ಇಬ್ಬರು. ನಾನು ಕುರ್ಚಿ ಎಳೆದು ಒಬ್ಬೊಬ್ಬರನ್ನೇ ಕೂರಿಸಿದೆ. ನಮ್ಮಲ್ಲಿ ಗಿರಾಕಿ ತಾನೇ ಕುರ್ಚಿ ಎಳೆದುಕೊಳ್ಳಬಾರದು. ಖಾಲಿ ಉಳಿದ ಕುರ್ಚಿಯ ಮೇಲೆ ಅಮ್ಮಾವ್ರು ತಮ್ಮ ಬ್ಯಾಗು ಇಟ್ಟರು. ಅದಕ್ಕೂ ನಾನೇ ಕುರ್ಚಿ ಎಳೆದೆ.

"ಊಟ ಆಗ್ಲಿ, ನಿಮಗೊಂದು ಮಜಾ ತೋರಿಸ್ತೀನಿ," ಎಂದರು ಡಾಕ್ಟರು ಅತಿಥಿಗಳಿಗೆ.

ಡಾಕ್ಟರು ತಿಂದರು. ನಾನು ನೋಡುತ್ತ ನಿಂತಿದ್ದೆ, ಅದೇ ನನ್ನ ಕೆಲಸ. ಮಾಂಸ ತಿಂದರು, ಅಂಚಿನ ಕೊಬ್ಬು ತಿಂದರು, ಮೂಳೆಗೆ ಅಂಟಿದ್ದನ್ನು ಚಾಕುವಿನಿಂದ ಕೆರೆದು ತಿಂದರು. ತಟ್ಟೆಯ ರಸಕ್ಕೆ ಬ್ರೆಡ್ ಒತ್ತಿ ತಿಂದರು. ಒಂದೇ ಒಂದು ತುತ್ತು ಉಳಿದಾಗ ತಟ್ಟೆ ಮುಂದಕ್ಕೆ ತಳ್ಳಿದರು.

"ಬೇಯಿಸಿದವಳನ್ನ ಕರಿ."

"ಸಾರ್, ಎಲ್ಲಾ ತಿಂದಾಗಿದೆಯಲ್ಲ..."

"ತಿಂದ ಮೇಲೇ ತಾನೇ ಗೊತ್ತಾಗೋದು?"

ಅತಿಥಿಗಳು ನಕ್ಕರು. ನಾನು ಕಿಂಡಿಗೆ ಹೋದೆ. ಅತ್ತಿಗೆ ನನ್ನ ಮುಖ ನೋಡಿಯೇ ಇಕ್ಕಳ ಕೆಳಗಿಟ್ಟಳು.

"ಹಲ್ಲಾ?"

"ಹೂಂ."

"ಎಷ್ಟು ಉಳಿದಿದೆ ತಟ್ಟೇಲಿ?"

"ಒಂದು ತುತ್ತು."

"ಮಿಕ್ಕಿದ್ದನ್ನ ಹೊಟ್ಟೆಯೊಳಗಿಂದ ವಾಪಸ್ ಕಳಿಸ್ತಾನಂತಾ?"

ಏಪ್ರನ್ ಬದಲಿಸಿದಳು. ಗ್ರಿಲ್ ಕಡೆ ಒಮ್ಮೆ ನೋಡಿದಳು. ಈ ಹಾಜರಿ ಮುಗಿದರೆ ಅವಳು ಹಿಂತಿರುಗಬೇಕಾದದ್ದು ಅಲ್ಲಿಗಲ್ಲ, ಮೆಟ್ಟಿಲಿಳಿದು ಕೆಳಗೆ. ಅದು ಅವಳಿಗೂ ಗೊತ್ತಿತ್ತು, ನನಗೂ, ಮೂಲೆಯಲ್ಲಿ ಕ್ಯಾಪ್ ಹಾಕಿದ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ ಮ್ಯಾನೇಜರನಿಗೂ.

ಅವಳು ಮೇಜಿನ ಪಕ್ಕ ಬಂದು ನಿಂತಳು.

"ಕೈ ತೋರಿಸು," ಎಂದರು ಡಾಕ್ಟರು.

ಅವಳು ಹಿಂದಿದ್ದ ಕೈಗಳನ್ನು ಮುಂದೆ ತಂದಳು. ಸ್ಕೂಲಿನಲ್ಲಿ ಉಗುರು ನೋಡುವ ಹಾಗೆ ಅವರು ತಿರುಗಿಸು ಎಂದರು. ತಿರುಗಿಸಿದಳು. ಆ ದಿನವೇ ಕೊಬ್ಬು ಸಿಡಿದು ಎದ್ದ ಒಂದು ಗುಳ್ಳೆ ಒಡೆದು ಒದ್ದೆಯಾಗಿತ್ತು.

"ಅಯ್ಯೋ, ಊಟ ಮಾಡೋವಾಗ ಅದನ್ನೆಲ್ಲ ತೋರಿಸಬೇಡಮ್ಮ," ಎಂದರು ಅಮ್ಮಾವ್ರು. "ಹಿಂದೆ ಇಟ್ಕೋ."

ಹಿಂದೆ ಇಟ್ಟುಕೊಂಡಳು.

ಡಾಕ್ಟರು ಉಳಿದ ತುತ್ತಿಗೆ ಫೋರ್ಕ್ ಚುಚ್ಚಿ ಎತ್ತಿದರು. ಅದೇ ಫೋರ್ಕು, ಆವರೆಗೂ ಅವರ ಬಾಯಲ್ಲಿ ಆಡಿದ್ದು. ಅವಳ ಮುಖದ ತನಕ ಚಾಚಿದರು.

"ನೀನೇ ತಿಂದು ಹೇಳು, ಹೇಗಿದೆ ಅಂತ. ತಿನ್ನು. ಬಾಯಿ ತೆಗಿ. ಹೆದರಬೇಡ, ಹಲ್ಲು ಕೀಳಲ್ಲ."

ಮೇಜು ಕುಲುಕುವಂತೆ ನಕ್ಕರು. ಭಾವಮೈದುನ ಫೋನ್ ಎತ್ತಿ ಹಿಡಿದ. ಫೋರ್ಕಿನಿಂದ ರಸ ಅವಳ ಬಿಳಿ ಏಪ್ರನ್ ಮೇಲೆ ತೊಟ್ಟಿಕ್ಕಿತು. ಅವಳು ಬಾಯಿ ತೆರೆಯಲಿಲ್ಲ.

"ತೆಗೀಬೇಕಂತೆ," ಎಂದ ಮ್ಯಾನೇಜರ್ ದೂರದಿಂದ, ನಗುತ್ತಲೇ.

ಆಗ ಅತ್ತಿಗೆ ಮೇಜಿನ ಆ ಕಡೆಗೆ ಸುತ್ತಿ ಬಂದಳು. ಖಾಲಿ ಕುರ್ಚಿಯ ಮೇಲಿದ್ದ ಬ್ಯಾಗನ್ನು ಎರಡು ಕೈಯಲ್ಲಿ ಎತ್ತಿ ನೆಲದ ಮೇಲಿಟ್ಟಳು. ಕೂತಳು. ಬೆನ್ನು ಒರಗಿಸಿ ಕೂತಳು.

"ನಿಂತಿದ್ದು ಸಾಕು," ಅಂದಳು. "ಈಗ ಹೇಳಿ. ಕೇಳ್ತೀನಿ."

ಫೋರ್ಕು ಗಾಳಿಯಲ್ಲೇ ಉಳಿಯಿತು. ಅದನ್ನು ಎಲ್ಲಿಗೆ ಒಯ್ಯಬೇಕು ಎಂದು ಡಾಕ್ಟರಿಗೆ ತಿಳಿಯಲಿಲ್ಲ.

"ನನ್ನ ಬ್ಯಾಗ್ ನೆಲದ ಮೇಲೆ!" ಎಂದರು ಅಮ್ಮಾವ್ರು. ಅವರಿಗೆ ಕಂಡದ್ದು ಅಷ್ಟೇ.

ಮ್ಯಾನೇಜರ್ ಓಡಿಬಂದ. "ಏಯ್, ಏನಮ್ಮಾ ಇದು? ಎದ್ದೇಳು. ಎದ್ದೇಳು ಅಂದೆ!"

"ಏಳ್ತೀನಿ. ಎದ್ದರೆ ಮನೆಗೇ ಹೋಗೋದು, ಸಿಂಕಿಗಲ್ಲ. ಅದಕ್ಕೆ ಮುಂಚೆ ಇವರ ಹತ್ರ ಒಂದು ಮಾತಾಡ್ತೀನಿ." ಅವಳು ಡಾಕ್ಟರ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ನೀವು ತಿಂದಿದ್ದು ಸರಿಯಾಗೇ ಬೆಂದಿತ್ತು. ಮೂಳೆ ಸಮೇತ ಕೆರೆದು ತಿಂದಿದೀರಿ. ನನ್ನ ಕರೆದಿದ್ದು ಮಾಂಸಕ್ಕಲ್ಲ. ನನ್ನ ನಿಲ್ಲಿಸಿ ಬಂದವರಿಗೆ ತೋರಿಸೋಕೆ. ನಿಮ್ಮ ಆಸ್ಪತ್ರೇಲಿ ನಿಮ್ಮ ಕುರ್ಚಿಗೆ ಬಂದವರು ಬಾಯಿ ತೆಗೀತಾರೆ. ನೋವಿರುತ್ತೆ ಅವರಿಗೆ, ತೆಗೀತಾರೆ. ನನಗೆ ನಿಮ್ಮಿಂದ ಆಗಬೇಕಾದ್ದು ಏನೂ ಇಲ್ಲ. ಆ ತುತ್ತು ನೀವೇ ತಿನ್ನಿ. ಇಲ್ಲಾ, ತಟ್ಟೇಲಿ ಬಿಡಿ. ಕೆಳಗೆ ಒಬ್ಬಳಿದಾಳೆ, ತೊಳೀತಾಳೆ."

ಪಕ್ಕದ ಮೇಜುಗಳಲ್ಲಿ ಚಾಕುಗಳು ನಿಂತವು. ಇಷ್ಟು ಹತ್ತಿರದಿಂದ, ತಮ್ಮದೇ ಎತ್ತರದಲ್ಲಿ, ಬೇಯಿಸಿದವಳ ಮುಖವನ್ನು ಅವರಾರೂ ಕಂಡಿರಲಿಲ್ಲ. ಆ ಗಳಿಗೆ ಅವರಿಗೆ ನಾಚಿಕೆಯಾಯಿತು ಎಂದು ಬರೆಯಬಹುದು. ಆದರೆ ಆದದ್ದು ಅದಲ್ಲ.

ಡಾಕ್ಟರು ಫೋರ್ಕು ಕೆಳಗಿಟ್ಟರು. ಜಾಹೀರಾತಿನ ನಗು ವಾಪಸ್ ಬಂತು. ನಿಧಾನವಾಗಿ ಚಪ್ಪಾಳೆ ಶುರುಮಾಡಿದರು. ಅತಿಥಿಗಳು ಸೇರಿಕೊಂಡರು. ಪಕ್ಕದ ಮೇಜು ಸೇರಿತು. ನೋಡನೋಡುತ್ತ ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಕೆಲವರು ಎದ್ದು ನಿಂತು ತಟ್ಟಿದರು.

"ಎಷ್ಟು ಚೆನ್ನಾಗಿ ಮಾಡ್ತಾಳ್ರೀ!" ಎಂದರು ಬೇರೆ ಊರಿಂದ ಬಂದ ಹೆಂಗಸು. "ನಿಜಾನೇ ಅನ್ಸುತ್ತೆ."

ಫೋರ್ಕಿಗೆ ಅಲ್ಲಾಡದ ಅತ್ತಿಗೆಯ ಮುಖ ಚಪ್ಪಾಳೆಗೆ ಬಿಳುಪೇರಿತು. ಎದ್ದಳು. ಏಪ್ರನ್ ಬಿಚ್ಚಿ ಆ ತಟ್ಟೆಯ ಮೇಲೆ ಹಾಕಿದಳು. ಗಿರಾಕಿಗಳು ಬರುವ ಬಾಗಿಲಿನಿಂದಲೇ ಬೀದಿಗೆ ಹೋದಳು. ಚಪ್ಪಾಳೆ ಬಾಗಿಲ ತನಕ ಅವಳ ಹಿಂದೆ ಹೋಯಿತು.

ನನ್ನನ್ನು ತೆಗೆಯಲಿಲ್ಲ. ಹಾಲಿನಲ್ಲಿ ಆಗಲೇ ಕೈ ಸಾಲುತ್ತಿರಲಿಲ್ಲ. ನಾನೂ ಬಿಡಲಿಲ್ಲ. ಕೋಣೆಗೆ ಒಂದು ಸಂಬಳ ಬೇಕಿತ್ತು.

ಅಣ್ಣ ಫೋನಿನಲ್ಲಿ ಎಲ್ಲ ಕೇಳಿ, "ಒಂದು ಏಟಾದ್ರೂ ಹಾಕ್ಬೇಕಿತ್ತು ನೀನು," ಎಂದನಂತೆ. "ಹಾಕಿದ್ರೆ ಅದಕ್ಕೂ ಚಪ್ಪಾಳೆ ಹೊಡೀತಿದ್ರು," ಎಂದಳಂತೆ ಅತ್ತಿಗೆ.

ಭಾವಮೈದುನ ತೆಗೆದ ವಿಡಿಯೋ ಊರೆಲ್ಲ ಓಡಾಡಿತು. ಸ್ಟೇಕ್ ಹೌಸಿಗೆ ಫೋನ್ ಮೇಲೆ ಫೋನ್. 'ಕೂತು ಬೈಯೋಳು ಯಾವ ದಿನ ಇರ್ತಾಳೆ?' ಮೊದಲ ದಿನ ಮ್ಯಾನೇಜರ್ ಹಣೆ ಚಚ್ಚಿಕೊಂಡ. ಎರಡನೆಯ ದಿನ ಯೋಚನೆ ಮಾಡಿದ. ಆಮೇಲೊಂದು ಬೆಳಿಗ್ಗೆ ನಮ್ಮ ಕೋಣೆಗೇ ಬಂದ.

ಅಮ್ಮ ಮಂಚದ ಮೇಲಿನ ಬಟ್ಟೆ ಸರಿಸಿ, "ಕೂತ್ಕೊಳ್ಳಪ್ಪ," ಎಂದಳು. ಅವನು ಮಂಚ ನೋಡಿದ, ಗೋಡೆ ನೋಡಿದ, ತನ್ನ ಪ್ಯಾಂಟು ನೋಡಿಕೊಂಡ. "ಪರವಾಗಿಲ್ಲ," ಎಂದು ನಿಂತೇ ಮಾತಾಡಿದ.

"ಆಗಿದ್ದು ಆಗೋಯ್ತು. ಗ್ರಿಲ್ ನಿನ್ನದೇ. ಖಾಯಂ ಮಾಡ್ತೀವಿ. ಹಾಜರಿ ಬಿದ್ರೆ ಸಿಂಕು ಅನ್ನೋದೂ ನಿನಗಿಲ್ಲ. ಒಂದೇ, ಶುಕ್ರವಾರ ಶುಕ್ರವಾರ ಅವತ್ತು ಮಾಡಿದ ಹಾಗೆ ಮಾಡಬೇಕು. ಬರಬೇಕು, ನಿಲ್ಲಬೇಕು, ಕೂತು ನಾಲ್ಕು ಮಾತು ಬೈಯಬೇಕು. ಡಾಕ್ಟರೂ ಒಪ್ಪಿದಾರೆ. ದೊಡ್ಡ ಮನಸ್ಸು ಅವರದ್ದು."

"ಬೈಯೋಕೆ ಸಂಬಳ ಕೊಡ್ತೀರಾ?" ಎಂದಳು ಅಮ್ಮ. "ನಾನೂ ಬರ್ಲಾ? ಇವರಪ್ಪ ಇದ್ದಾಗಿಂದ ಬಿಟ್ಟಿ ಬೈದಿದೀನಿ."

ಅತ್ತಿಗೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿರಲಿಲ್ಲ. "ಎಡಗಡೆ ಕಂಬಿ ಬಾಗಿತ್ತಲ್ಲ," ಎಂದಳು, "ಹೊಸದು ಹಾಕ್ಸಿದ್ರಾ?"

"ಹಾಕ್ಸಿದೀವಿ. ಪೂರ್ತಿ ಹೊಸ ಜಾಲರಿ."

ಅವಳ ಚಾಕು ನಿಂತಿತು. ಎಷ್ಟೋ ದಿನದಿಂದ ಅವಳು ಆ ಜಾಲರಿ ಕೇಳಿದ್ದಳು. ಬಾಗಿದ ಕಂಬಿಯಿಂದಲೇ ತುಂಡು ಜಾರಿ ಕೊಬ್ಬು ಸಿಡಿಯುತ್ತಿದ್ದದ್ದು. ಹೊಸ ಜಾಲರಿಯ ಮುಂದೆ ನಿಂತ ಹಾಗೆ ಅವಳ ಬಲಗೈ ಸ್ವಲ್ಪ ತಿರುಗಿತು, ತುಂಡು ಮಗುಚುವಾಗ ತಿರುಗುವ ಹಾಗೆ. ಹೋಗಿಬಿಡುತ್ತಾಳೆ ಎಂದುಕೊಂಡೆ.

"ಆ ದಿನ ಸಿಟ್ಟು ಬರದಿದ್ರೆ?" ಎಂದು ಕೇಳಿದಳು.

"ಬಂದ ಹಾಗೆ ಮಾಡಮ್ಮ. ಅದೇನು ದೊಡ್ಡ ವಿಷಯ?"

"ಬೇಡ."

"ಯಾಕೆ? ಕಾರಣ ಹೇಳು."

"ಬೇಡ ಅಂದ್ನಲ್ಲ. ನಿಂತು ಉತ್ತರ ಹೇಳೋಕೆ ಇದು ನಿಮ್ಮ ಹಾಲಲ್ಲ."

ಅವನು ಹೋದ. ಆ ವಾರವಿಡೀ ಅವಳು ಕೆಲಸ ಹುಡುಕಿದಳು. ವಿಡಿಯೋ ನೋಡಿದವರು ಗುರುತು ಹಿಡಿದು ಜೊತೆಗೆ ಫೋಟೋ ತೆಗೆಸಿಕೊಂಡರು, ಕೆಲಸ ಕೊಡಲಿಲ್ಲ. ಕೊನೆಗೆ ಬಸ್ ಡಿಪೋ ಕ್ಯಾಂಟೀನಿನಲ್ಲಿ ಒಲೆ ಸಿಕ್ಕಿತು. ಅಲ್ಲಿ ಊಟ ಸರಿಯಿಲ್ಲದಿದ್ದರೆ ಡ್ರೈವರುಗಳು 'ಇದೇನಕ್ಕಾ, ಉಪ್ಪಿಗೆ ಬರಗಾಲವಾ?' ಎಂದು ಕೂಗುತ್ತಾರೆ. ಅವಳು ಒಲೆ ಮುಂದಿನಿಂದಲೇ 'ಡಬ್ಬ ನಿನ್ನ ಮುಂದೇನೇ ಇದೆ, ಕಣ್ಣಿಗೆ ಬರಗಾಲವಾ?' ಎನ್ನುತ್ತಾಳೆ. ತಿಂದು ಎದ್ದು ಹೋಗುತ್ತಾರೆ.

ಸ್ಟೇಕ್ ಹೌಸಿಗೆ ಮಾತ್ರ ಒಬ್ಬಳು ಬೈಯುವವಳು ಬೇಕೇಬೇಕಿತ್ತು. ಸಿಂಕಿನಲ್ಲಿ ಅತ್ತಿಗೆಯ ಪಕ್ಕ ನಿಲ್ಲುತ್ತಿದ್ದ ಅಕ್ಕನನ್ನು ಮೇಲೆ ಕರೆಸಿದರು. ಆಕೆಯನ್ನು ನಾವು ಸಿಂಕಕ್ಕ ಎನ್ನುತ್ತಿದ್ದೆವು. ಮೆತ್ತನೆಯ ಹೆಂಗಸು, ಇಲಿ ಕಂಡರೆ 'ಹೋಗಪ್ಪಾ' ಎನ್ನುವವಳು. ಅವಳಿಗೆ ಗ್ರಿಲ್ ಕೊಟ್ಟರು, ಜೊತೆಗೆ ಸಿಟ್ಟಿನ ತಾಲೀಮು. ಮಧ್ಯಾಹ್ನ ಹಾಲ್ ಖಾಲಿಯಿದ್ದಾಗ ಮ್ಯಾನೇಜರ್ ಡಾಕ್ಟರ ಕುರ್ಚಿಯಲ್ಲಿ ಕೂತು ಖಾಲಿ ಫೋರ್ಕ್ ಚಾಚುತ್ತಿದ್ದ. ಕುರ್ಚಿಯ ಮೇಲೆ ಬ್ಯಾಗಿನ ಬದಲು ಮೆನು ಕಾರ್ಡುಗಳ ಕಟ್ಟು. ಸಿಂಕಕ್ಕ ಅದನ್ನು ಕೆಳಗಿಟ್ಟು ಕೂತು, "ನಿಂತಿದ್ದು ಸಾಕು" ಎನ್ನಬೇಕು.

"ಹಾಗಲ್ಲ! ಹೊಟ್ಟೆಯಿಂದ ಬರಬೇಕು!" ಎಂದು ಅವನು ಕಿರುಚುತ್ತಿದ್ದ. "ನಿನಗೇನು ಕಷ್ಟಾನೇ ಇಲ್ವಾ?"

ಗುರುವಾರ ಬೆಳಿಗ್ಗೆ ಸಿಂಕಕ್ಕ ನಮ್ಮ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತು, "ಸ್ವಲ್ಪ ಹೇಳ್ಕೊಡಮ್ಮ," ಎಂದಳು ಅತ್ತಿಗೆಗೆ. "ನಂಗೆ ಸಿಟ್ಟು ಬರ್ತಾ ಇಲ್ಲ. ಅಳು ಬರುತ್ತೆ. ಅಳು ಬೇಡ್ವಂತೆ. ನಾಳೆ ಸರಿಯಾಗಿ ಮಾಡ್ದಿದ್ರೆ ಮತ್ತೆ ಕೆಳಗೆ ಕಳಿಸ್ತಾರಂತೆ."

ಅತ್ತಿಗೆ ಅವಳ ಕೈ ಹಿಡಿದು ಮಂಚದ ಮೇಲೆ ಕೂರಿಸಿದಳು. ಆ ಬೆರಳ ಸಂದಿಗಳನ್ನು ನೋಡಿದಳು.

"ನಾನು ಮಾಡಿದ್ದು ತಪ್ಪು ಅಕ್ಕಾ," ಎಂದಳು. "ಕೂತಿದ್ದಲ್ಲ. ಹೋಗಿದ್ದು. ಅವರ ಮುಂದೆ ಹೋಗಿ ಏನು ಮಾಡಿದ್ರೂ ಅವರಿಗದು ಊಟದ ಜೊತೆ ನಂಚ್ಕೊಳ್ಳೋಕೆ. ನಿಂತ್ರೆ ನೋಡ್ತಾರೆ, ಕೂತ್ರೆ ನೋಡ್ತಾರೆ, ಅತ್ರೂ ನೋಡ್ತಾರೆ."

"ಮತ್ತೇನ್ ಮಾಡ್ಲಿ?"

"ಹೋಗ್ಬೇಡ."

"ಕರೀತಾರಲ್ಲ?"

"ಕರೀಲಿ."

"ಕೆಲಸ?"

"ಒಬ್ಬಳೇ ಹೋಗದಿದ್ರೆ ಹೋಗುತ್ತೆ. ಗ್ರಿಲ್, ಸಿಂಕು, ಮಾಂಸ ಕೊಯ್ಯೋರು, ಸಪ್ಲೈಯರು, ಎಲ್ಲ ಸೇರಿದ್ರೆ ಶುಕ್ರವಾರ ಸಂಜೆ ಎಲ್ಲಿಂದ ತರ್ತಾನೆ ಇನ್ನೊಂದು ಅಡುಗೆಮನೆ?" ಅತ್ತಿಗೆ ನನ್ನ ಕಡೆ ತಿರುಗಿದಳು. "ಕರೆಯೋಕೆ ಬರೋಳು ನೀನೇ ಅಲ್ವಾ?"

"ನಾನೇ," ಎಂದೆ. ಆ ಮಧ್ಯಾಹ್ನವೇ ಅಡುಗೆಮನೆ, ಸಿಂಕು, ಹಾಲಿನಲ್ಲಿ ಒಬ್ಬೊಬ್ಬರ ಕಿವಿಗೂ ಈ ಮಾತು ಹಾಕಿದೆ.

ಶುಕ್ರವಾರ ಡಾಕ್ಟರ ಮೇಜಿಗೆ ಇನ್ನೊಂದು ಮೇಜು ಜೋಡಿಸಬೇಕಾಯಿತು. ಹಾಲಿನಲ್ಲಿ ಜಾಗವಿಲ್ಲದೆ ಗೋಡೆಗೊರಗಿ ನಿಂತವರೂ ಇದ್ದರು. ಈ ಸಲ ಡಾಕ್ಟರು ಮಾಂಸಕ್ಕೆ ಚಾಕು ಸಹ ತಾಗಿಸಲಿಲ್ಲ. ಬಂದ ತಟ್ಟೆಯನ್ನು ಬಂದ ಹಾಗೇ ತಳ್ಳಿದರು.

"ಬೇಯಿಸಿದವಳನ್ನ ಕರಿ!"

ಫೋನುಗಳು ಮೇಲೆದ್ದವು. ಅಮ್ಮಾವ್ರು ತಾವೇ ಬ್ಯಾಗನ್ನು ಕುರ್ಚಿಯ ಅಂಚಿಗೆ ಸರಿಸಿ, ಎತ್ತಲು ಅನುಕೂಲ ಮಾಡಿಟ್ಟರು.

ನಾನು ಕಿಂಡಿಗೆ ಹೋಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೇ ಹೋದೆ. ಸಿಂಕಕ್ಕ ಇಕ್ಕಳ ಹಿಡಿದು ನಿಂತಿದ್ದಳು. ನಾನು ಹಾಜರಿ ಎನ್ನಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ಜಾಲರಿ ಮೇಲಿದ್ದ ತುಂಡುಗಳನ್ನೆಲ್ಲ ಪಕ್ಕಕ್ಕೆ ತೆಗೆದು ಇಕ್ಕಳವನ್ನು ಗೂಟಕ್ಕೆ ಹಾಕಿದಳು. ಕೆಂಡಕ್ಕೆ ಬೂದಿ ಎಳೆದಳು. ಮಾಂಸ ಕೊಯ್ಯುವವನು ಚಾಕು ತೊಳೆದಿಟ್ಟ. ಕೆಳಗಿನಿಂದ ಸಿಂಕಿನವರು ಕೈ ಒರೆಸಿಕೊಳ್ಳುತ್ತ ಹತ್ತಿ ಬಂದರು. ಹಾಲಿನಲ್ಲಿದ್ದ ಉಳಿದ ಸಪ್ಲೈಯರುಗಳೂ ಒಬ್ಬೊಬ್ಬರಾಗಿ ಒಳಗೆ ಬಂದರು. ಯಾರೂ ಘೋಷಣೆ ಕೂಗಲಿಲ್ಲ. ಕೂಗಿದ್ದರೆ ಹಾಲಿಗೆ ಕೇಳಿಸುತ್ತಿತ್ತು.

ಹಿಂದಿನ ಬಾಗಿಲಾಚೆ ಕಸದ ಡಬ್ಬಗಳ ಪಕ್ಕ ಸಿಮೆಂಟಿನ ಮೆಟ್ಟಿಲುಗಳಿವೆ. ಅಲ್ಲಿ ಕೂತೆವು. ಜಾಗ ಸಾಲದವರು ನೆಲದ ಮೇಲೆ ಕೂತರು. ಸಿಂಕಕ್ಕ ಚಪ್ಪಲಿ ಬಿಚ್ಚಿ ಕಾಲು ನೀಡಿದಳು.

ಒಳಗೆ ಮ್ಯಾನೇಜರ್ ಕರೆಯುವುದು ಕೇಳಿತು. ಮೊದಲು ಗದರಿ, ಆಮೇಲೆ ಅಮ್ಮ ಅಕ್ಕ ಎಂದು. ಹಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಅಡುಗೆಮನೆಯ ಬಾಗಿಲಿಗೆ ಹಿಡಿದ ಫೋನುಗಳು ಇನ್ನೂ ಹಾಗೆಯೇ ಇದ್ದಿರಬೇಕು, ತೋಳು ಸೋಲುವ ತನಕ.

ಇದೂ ಆಟದ ಭಾಗ ಎಂದುಕೊಂಡು ಒಳಗೆ ಯಾರೋ ಚಪ್ಪಾಳೆ ಶುರುಮಾಡಿದರು. ಜೊತೆಗೆ ಯಾರೂ ಸೇರಲಿಲ್ಲ. ಸ್ವಲ್ಪ ಹೊತ್ತು ಒಬ್ಬರೇ ತಟ್ಟಿ, ನಿಲ್ಲಿಸಿದರು.